ಜಾಕ್ಸನ್ ಸ್ಟೇಟ್ ಹುಡುಗರಿಗೆ, ಬ್ಯಾಂಡಿನವರಿಗೆ, ಪಕ್ಕದ ಮನೆ ಅಜ್ಜಿಗೆ

ಗೆದ್ದು ನಾಲ್ಕು ದಿನ ಆಯ್ತು, ನನ್ನ ಗಂಟಲು ಇನ್ನೂ ಕಟ್ಟಿಕೊಂಡೇ ಇದೆ. 2024ರ ಡಿಸೆಂಬರ್ 14ರಂದು ಅಟ್ಲಾಂಟಾದಲ್ಲಿ ನಮ್ಮ ಜಾಕ್ಸನ್ ಸ್ಟೇಟ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡ ಸೆಲೆಬ್ರೇಷನ್ ಬೌಲ್ ಗೆದ್ದಿತು, ಅಂದರೆ ಕಪ್ಪು ಜನರಿಗಾಗಿ ಶುರುವಾದ ಕಾಲೇಜುಗಳ ಎರಡು ಲೀಗ್‌ಗಳ ಚಾಂಪಿಯನ್ನರು ಆಡುವ ದೊಡ್ಡ ಪಂದ್ಯ. ಸೌತ್ ಕ್ಯಾರೊಲಿನಾ ಸ್ಟೇಟ್ ಮೇಲೆ 28-7. ನಾನು ಹಾಕಿದ ಫೋಟೋ ನೋಡಿ ದಾವಣಗೆರೆಯಿಂದ ಫೋನ್ ಮೇಲೆ ಫೋನ್. "ನಿನಗೂ ಫುಟ್‌ಬಾಲ್‌ಗೂ ಏನೇ ಸಂಬಂಧ, ಯಾಕೆ ಅಳ್ತಿದ್ದೀಯಾ?" ಅಂತ ಎಲ್ಲರದೂ ಒಂದೇ ಪ್ರಶ್ನೆ. ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ. ಕೆಲವರಿಗೆ ಥ್ಯಾಂಕ್ಸ್ ಹೇಳುವುದೂ ಬಾಕಿ ಇದೆ.

ನಾನು ಮಿಸಿಸಿಪ್ಪಿಯ ಜಾಕ್ಸನ್‌ಗೆ ಓದಲು ಬಂದದ್ದು 2022ರ ಆಗಸ್ಟ್‌ನಲ್ಲಿ. ತಿಂಗಳ ಕೊನೆಗೆ ನಲ್ಲಿ ನಿಂತೇ ಹೋಯಿತು. ಪರ್ಲ್ ನದಿ ಉಕ್ಕಿತ್ತು, ಮೊದಲೇ ಸೊರಗಿದ್ದ ನೀರು ಶುದ್ಧ ಮಾಡುವ ಘಟಕ ಕೈಕೊಟ್ಟಿತು, ಸುಮಾರು ಒಂದೂವರೆ ಲಕ್ಷ ಜನರಿಗೆ ಕುಡಿಯುವ ನೀರಿಲ್ಲ. ಕ್ಲಾಸುಗಳೆಲ್ಲ ಆನ್‌ಲೈನ್. ಫುಟ್‌ಬಾಲ್ ತಂಡಕ್ಕೂ ನೀರಿಲ್ಲ, ಐಸ್ ಇಲ್ಲ. ನಾನು ಎರಡು ಸೂಟ್‌ಕೇಸ್ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ವಾಪಸ್ ಹೋಗುವ ಟಿಕೆಟ್ ಎಷ್ಟು ಅಂತ ನೋಡುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಕಾಲ ಹತ್ತಿರ ನೀರಿನ ಬಾಟಲಿಗಳ ಒಂದು ಕಟ್ಟು ಇಟ್ಟು, "ಊರಲ್ಲಿ ಮ್ಯಾಚ್ ಇದ್ದಾಗ ನಮ್ಮ ಜೊತೆ ಬಾ" ಅಂದರು.

ಹೋದೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಇಲ್ಲಿಯವರಿಗೆ ಇದು ಬರೀ ಆಟ ಅಲ್ಲ. ಕಪ್ಪು ಜನರಿಗೆ ಬೇರೆ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರಿಗಾಗಿಯೇ ಶುರುವಾದ ಕಾಲೇಜುಗಳಲ್ಲಿ ಇದೂ ಒಂದು, 1877ರದ್ದು. 1970ರ ಮೇ 15ರ ನಡುರಾತ್ರಿ ಪೊಲೀಸರು ಇದೇ ಕ್ಯಾಂಪಸ್ಸಿನಲ್ಲಿ ಗುಂಡು ಹಾರಿಸಿ ಇಬ್ಬರು ಹುಡುಗರು ಸತ್ತರು. ಅಲೆಕ್ಸಾಂಡರ್ ಹಾಲ್ ಅನ್ನೋ ಹಾಸ್ಟೆಲ್ ಗೋಡೆಯಲ್ಲಿ ಆ ಗುರುತು ಈಗಲೂ ಇದೆ. ಮರು ವರ್ಷ ಇದೇ ಕಾಲೇಜಿಗೆ ವಾಲ್ಟರ್ ಪೇಟನ್ ಸೇರಿದ, ಮುಂದೆ ಶಿಕಾಗೊ ಬೇರ್ಸ್ ಅನ್ನೋ ವೃತ್ತಿಪರ ಫುಟ್‌ಬಾಲ್ ತಂಡದ ದೊಡ್ಡ ಹೆಸರಾದ. ಅಜ್ಜಿ ಇದನ್ನೆಲ್ಲ ಮನೆಯವರ ಸುದ್ದಿ ಹೇಳಿದ ಹಾಗೆ ಹೇಳುತ್ತಾರೆ.

ನಾನು ಬಂದ ವರ್ಷವೇ, 2022ರ ಡಿಸೆಂಬರ್‌ನಲ್ಲಿ, ನಮ್ಮ ತಂಡದ ಕೋಚ್ ಡಿಯಾನ್ ಸ್ಯಾಂಡರ್ಸ್ ಕೊಲರಾಡೊ ಯೂನಿವರ್ಸಿಟಿಗೆ ಹೋದರು. ಅವರು ಬಂದ ಮೇಲೆಯೇ ದೇಶವೆಲ್ಲ ಈ ಕಡೆ ತಿರುಗಿ ನೋಡಿದ್ದು, ಅದನ್ನು ಯಾರೂ ಇಲ್ಲ ಅನ್ನುವುದಿಲ್ಲ. ಒಳ್ಳೊಳ್ಳೆ ಆಟಗಾರರೂ ಅವರ ಜೊತೆ ಹೋದರು. ಸೆಲೆಬ್ರೇಷನ್ ಬೌಲ್ ಮಾತ್ರ ಕೈಗೆ ಬಂದಿರಲಿಲ್ಲ: 2021ರಲ್ಲಿ ಇದೇ ಸೌತ್ ಕ್ಯಾರೊಲಿನಾ ಸ್ಟೇಟ್ ಎದುರು 31-10 ಸೋಲು, 2022ರಲ್ಲಿ ನಾರ್ತ್ ಕ್ಯಾರೊಲಿನಾ ಸೆಂಟ್ರಲ್ ಎದುರು ಓವರ್‌ಟೈಮ್‌ನಲ್ಲಿ 41-34. ಇನ್ನು ಮುಗೀತು ಅಂತ ನಾನೂ ಅಂದುಕೊಂಡಿದ್ದೆ.

ಸ್ಯಾಂಡರ್ಸ್ ಹೋದ ಮೇಲೆ ತಂಡ ವಹಿಸಿಕೊಂಡ ಟಿ.ಸಿ. ಟೇಲರ್ ಕೋಚ್, ನಿಮಗೆ ಮೊದಲ ಥ್ಯಾಂಕ್ಸ್. ನೀವು ಇದೇ ಕಾಲೇಜಿಗೆ ಆಡಿದವರು, ಇದೇ ರಾಜ್ಯದವರು. ಮೊದಲ ವರ್ಷ 7 ಗೆಲುವು, 4 ಸೋಲು. ಈ ಸಲ ಮೊದಲ ಪಂದ್ಯವೇ ಸೋಲು. ಆದರೂ ಲೀಗ್‌ನಲ್ಲಿ 8ಕ್ಕೆ 8 ಗೆದ್ದಿರಿ, ಡಿಸೆಂಬರ್ 7ರಂದು ಲೀಗ್ ಫೈನಲ್‌ನಲ್ಲಿ ನಮ್ಮ ಊರಲ್ಲೇ ಸದರ್ನ್ ಯೂನಿವರ್ಸಿಟಿ ತಂಡವನ್ನು 41-13ರಲ್ಲಿ ಸೋಲಿಸಿದಿರಿ, ಒಟ್ಟು 12 ಗೆಲುವು. ಟಿವಿಯವರು ಜಾಸ್ತಿ ಬರದೇ ಇದ್ದ ದಿನಗಳಲ್ಲೂ ನೀವು ಇಲ್ಲೇ ಇದ್ದಿರಿ.

ಮುಂದಿನ ಸಾಲಿನ ಐದು ಹುಡುಗರಿಗೆ ಬೇರೆಯಾಗಿಯೇ ಹೇಳಬೇಕು. ಚೆಂಡು ಹಿಡಿದು ಓಡುವವನ ಹೆಸರು ಸ್ಟೇಡಿಯಂ ತುಂಬ ಕೂಗುತ್ತಾರೆ. ಎದುರಿನವರನ್ನು ಎದೆಕೊಟ್ಟು ತಳ್ಳಿ ಅವನಿಗೆ ದಾರಿ ಬಿಡಿಸುವವರು ನೀವು, ಚೆಂಡು ಹಿಡಿದು ಓಡುವ ಅವಕಾಶ ನಿಮಗೆ ಬರುವುದಿಲ್ಲ. ಆಟ ಅರ್ಥವಾಗದಿದ್ದಾಗ ಅಜ್ಜಿ "ಚೆಂಡು ನೋಡಬೇಡ, ಅವರನ್ನು ನೋಡು" ಅಂದಿದ್ದರು. ಅವತ್ತಿನಿಂದ ನಿಮ್ಮನ್ನೇ ನೋಡುತ್ತಿದ್ದೇನೆ.

ನಮ್ಮ ಕಾಲೇಜಿನ ಸೋನಿಕ್ ಬೂಮ್ ಬ್ಯಾಂಡಿನವರೇ, ನೀವು ಮೈದಾನಕ್ಕೆ ಇಳಿದರೆ ಜಾತ್ರೆಯಲ್ಲಿ ಡೊಳ್ಳಿನ ಪಕ್ಕ ನಿಂತ ಹಾಗೇ ಆಗುತ್ತೆ, ಶಬ್ದ ಕಿವಿಗಿಂತ ಮೊದಲು ಎದೆಗೆ ಬಡಿಯುತ್ತೆ. ಇಲ್ಲಿ ಹಾಫ್‌ಟೈಮ್‌ನಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಊರು ನೆನಪಾಗಿ ಕಷ್ಟವಾದ ಎಷ್ಟೋ ಸಂಜೆ ನೀವು ಪ್ರಾಕ್ಟೀಸ್ ಮಾಡುವ ಕಡೆ ಸುಮ್ನೆ ಹೋಗಿ ಕೂತಿದ್ದೇನೆ.

ಇನ್ನು ಅಜ್ಜಿ. ಮ್ಯಾಚ್‌ಗೆ ಮುಂಚೆ ಸ್ಟೇಡಿಯಂ ಹೊರಗೆ ಕಾರುಗಳ ಹಿಂದೆ ಟೆಂಟ್ ಹಾಕಿ ಅಡುಗೆ ಮಾಡುತ್ತಾರೆ. ಬೆಳಗ್ಗೆಯಿಂದ ಹೊಗೆ, ಮಾಂಸ ಸುಡುವ ವಾಸನೆ, ಹಾಡು. ನಾನು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ಅಜ್ಜಿ ಏನೂ ಹೇಳಲಿಲ್ಲ. ಮುಂದಿನ ಮ್ಯಾಚ್‌ಗೆ ಗಾಜಿನ ಪಾತ್ರೆಯೊಂದರಲ್ಲಿ ಬೇರೆಯಾಗಿಯೇ ಸೊಪ್ಪು ಬೇಯಿಸಿ ತಂದಿದ್ದರು, ಬೆಳ್ಳುಳ್ಳಿ, ಖಾರ ಹಾಕಿ, ಮುಚ್ಚಳದ ಮೇಲೆ ಟೇಪ್ ಅಂಟಿಸಿ ನನ್ನ ಹೆಸರು ಬರೆದು. ಸ್ಪೆಲಿಂಗ್ ತಪ್ಪಿತ್ತು. ಮೂರು ಸೀಸನ್ ಆಯ್ತು, ಆ ಟೇಪ್ ಹಾಗೇ ಇದೆ.

ಅಟ್ಲಾಂಟಾಕ್ಕೆ ಮೊಣಕಾಲು ನೋವಿಂದ ಅವರು ಬರಲಾಗಲಿಲ್ಲ. ಆಟ ಮುಗಿದ ಕೂಡಲೇ ವಿಡಿಯೋ ಕಾಲ್ ಮಾಡಿದೆ, ಇಬ್ಬರಿಗೂ ಮಾತೇ ಬರಲಿಲ್ಲ. ಆರು ಗಂಟೆ ಕಾರಿನಲ್ಲಿ ವಾಪಸ್ ಬರುವಾಗಲೂ ಅದೇ ಮುಖ ಕಣ್ಣ ಮುಂದೆ.

ಅಜ್ಜಿ, ಇದನ್ನು ನಾನೇ ಬಂದು ನಿಮಗೆ ಓದಿ ಹೇಳುತ್ತೇನೆ. ಕಳೆದ ಮ್ಯಾಚ್‌ನ ಪಾತ್ರೆ ನನ್ನ ಹತ್ತಿರವೇ ಉಳಿದಿದೆ. ನಮ್ಮ ಕಡೆ ಖಾಲಿ ಪಾತ್ರೆ ವಾಪಸ್ ಕೊಡುವುದಿಲ್ಲ. ಭಾನುವಾರ ಚಿತ್ರಾನ್ನ ತುಂಬಿಸಿ ತರುತ್ತೇನೆ, ಖಾರ ಸ್ವಲ್ಪ ಕಡಿಮೆ ಹಾಕಿರುತ್ತೇನೆ.