ಕಡಲ ನಕ್ಷೆ: ಭಾನುವಾರಕ್ಕೆ ಮುಂಚೆ ತಿದ್ದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಕಡಲಿನ ಯಾವ ಜಾಗ ಯಾವ ಬಳಕೆಗೆ ಎಂದು ಯೋಜಿಸಲು ನಾವು ಕರ್ನಾಟಕ ಕರಾವಳಿಯ ನಕ್ಷೆ ಮಾಡುತ್ತಿದ್ದೇವಲ್ಲ, ಭಾನುವಾರ ಬೆಳಗ್ಗೆ ಜಯನಗರದಲ್ಲಿ ಸೇರುವ ಮೊದಲು ಅದರಲ್ಲಿ ನಿಮ್ಮ ನಿಮ್ಮ ಪದರಗಳನ್ನು (ಒಂದೊಂದು ಬಗೆಯ ಮಾಹಿತಿಯ ಲೇಯರ್) ಒಮ್ಮೆ ನೋಡಿಕೊಂಡು ಬನ್ನಿ.

ಹೆಚ್ಚು ತಪ್ಪಾಗುವುದು ಅಕ್ಷಾಂಶದಲ್ಲಿ. 60 ಮಿನಿಟ್ ಸೇರಿದರೆ ಒಂದು ಡಿಗ್ರಿ, ಹಾಗಾಗಿ 14 ಡಿಗ್ರಿ 30 ಮಿನಿಟ್ ಅಂದರೆ 14.50, 14.30 ಅಲ್ಲ. 14.30 ಎಂದು ತುಂಬಿದರೆ ಗುರುತು 12 ನಾಟಿಕಲ್ ಮೈಲಿ, ಸುಮಾರು 22 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ. ಗೋಕರ್ಣ ಕಡೆಯವರು ಬಲೆ ಬಿಡುವ ಜಾಗ ಹೊನ್ನಾವರದ ಎದುರು ಬಂದು ಕೂರುತ್ತದೆ! ಎವರೆಸ್ಟ್ ಆಧಾರದ (ಭಾರತದ ಹಳೆ ಅಳತೆ ಚೌಕಟ್ಟಿನ) ನಕ್ಷೆ ಇದ್ದರೆ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಚೌಕಟ್ಟಿಗೆ ಬದಲಿಸಿಯೇ ಸೇರಿಸಿ.

ಪ್ರತಿ ಗುರುತಿಗೂ ತಿಂಗಳು ಬರೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ದಿನಗಳ ದೋಣಿ ಲೆಕ್ಕ ಮಾತ್ರ ಹಾಕಿದರೆ ಕಡಲು ಖಾಲಿ ಇದೆ ಅನಿಸುತ್ತದೆ, ಖಾಲಿ ಜಾಗವೆಂದು ಬೇರೆ ಯೋಜನೆ ಬರುತ್ತದೆ. ಇದು ಮೀನುಗಾರರ ಅನ್ನದ ಪ್ರಶ್ನೆ, ದಯವಿಟ್ಟು ಸಡಿಲ ಬಿಡಬೇಡಿ.

ಕಡಲ ಜಾಗದ ಯೋಜನೆಗೆ ಹೊರದೇಶದ ಮಾದರಿ ಕೇಳಿದವರಿಗೆ: ಯುನೆಸ್ಕೋದ ಸಾಗರ ಆಯೋಗ ಮತ್ತು ಯುರೋಪಿಯನ್ ಕಮಿಷನ್ 2017ರಲ್ಲಿ ಇದಕ್ಕೆ ಜಂಟಿ ಮುನ್ನೋಟ ಯೋಜನೆ (ರೋಡ್‌ಮ್ಯಾಪ್) ತಂದವು. ನಮ್ಮಲ್ಲಿ ಪುದುಚೇರಿ, ಲಕ್ಷದ್ವೀಪಗಳಿಗೆ ನಾರ್ವೆ ಜೊತೆ ಇಂಥ ಕೆಲಸ ನಡೆದಿದೆ. ಹೊರದೇಶದವರ ಕ್ರಮ ಕಲಿಯೋಣ, ವಲಯಗಳನ್ನು ನಕಲು ಮಾಡುವುದು ಬೇಡ. ರಂಪಣಿ (ದಡದಿಂದ ಹಲವರು ಸೇರಿ ಎಳೆಯುವ ದೊಡ್ಡ ಬಲೆ) ಎಳೆಯುವ ದಡ ಅವರ ಪಟ್ಟಿಯಲ್ಲಿ ಸಿಗದು, ಅದಕ್ಕೆ ನಾವೇ ಬೇರೆ ಪದರ ಮಾಡಬೇಕು. ಮೀನು, ಹಡಗು ಎರಡೂ ರಾಜ್ಯದ ಗಡಿ ನೋಡುವುದಿಲ್ಲ, ಹಾಗಾಗಿ ಗೋವಾ, ಕೇರಳದ ಅಂಚಿನ ಗುರುತುಗಳನ್ನು ಕತ್ತರಿಸದೆ ಹಾಗೇ ಉಳಿಸಿ.

ಫೈಲನ್ನು ಶನಿವಾರ ಸಂಜೆ 6ರೊಳಗೆ ಇಲ್ಲೇ ಹಾಕಿ.