ಚಾವಣಿ ಬದಲಿಸುವ ವಿಚಾರವಾಗಿ ಅಪ್ಪನಿಗೆ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿ ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಒಡೆದ ಹಂಚು ತೆಗೆದು ಬೇರೆ ಕೂರಿಸಿದರೆ ಮುಗಿಯಿತಲ್ಲ, ಇಡೀ ಚಾವಣಿ ಏಕೆ ಕೀಳಬೇಕು ಎಂದು ಫೋನಿನಲ್ಲಿ ಕೇಳಿದಿರಿ. ಟೆಕ್ಸಾಸಿನ ಈ ಭಾಗದ ಮನೆಗಳ ಚಾವಣಿಯೇ ಬೇರೆ ಬಗೆಯದು. ಮರದ ಪಕಾಸಿಗಳ ಮೇಲೆ 4 ಅಡಿಗೆ 8 ಅಡಿಯ ಪ್ಲೈವುಡ್ ಅಥವಾ ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ) ಹಲಗೆ ಹಾಸಿರುತ್ತಾರೆ. ಅದರ ಮೇಲೆ ನೀರು ತಡೆಯುವ ಹಾಳೆ, ಅದಕ್ಕೂ ಮೇಲೆ ಡಾಂಬರು ಮೆತ್ತಿ ಕಲ್ಲಿನ ಹರಳು ಕೂರಿಸಿದ ಶಿಂಗಲ್ ಪಟ್ಟಿಗಳು. ಪ್ರತಿ ಪಟ್ಟಿಯ ಕೆಳಗೂ ಒಂದು ಅಂಟಿನ ಗೆರೆ ಇರುತ್ತದೆ. ಬಿಸಿಲಿಗೆ ಅದು ಕರಗಿ ಕೆಳಗಿನ ಸಾಲನ್ನು ಹಿಡಿದುಕೊಳ್ಳುತ್ತದೆ. ಹಳತಾದಾಗ ಅಂಟು ಬಿಡುತ್ತದೆ, ಹರಳು ಉದುರುತ್ತದೆ, ಪಟ್ಟಿ ಪೆಡಸಾಗುತ್ತದೆ. ಹರಿದ ಜಾಗಕ್ಕೆ ಹೊಸದನ್ನು ತೂರಿಸಲು ಮೇಲಿನ ಸಾಲು ಎತ್ತಿದರೆ ಅದೂ ಸೀಳುತ್ತದೆ. ಹಳೆಯದರ ಮೇಲೆಯೇ ಹೊಸ ಪದರ ಹೊಡೆಯಲು ಕೆಲವೆಡೆ ನಿಯಮ ಅಡ್ಡಿಬರುವುದಿಲ್ಲ, ಆದರೂ ಅದು ಬೇಡ. ಕೆಳಗೆ ಹಲಗೆ ಕೊಳೆತಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಬಿರುಗಾಳಿ ಚಾವಣಿಯನ್ನು ಒತ್ತಿ ಕೆಡವುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಿಜವಾಗಿ ಅದು ಎತ್ತುತ್ತದೆ. ಇಳಿಜಾರನ್ನು ಹಾದುಹೋಗುವಾಗ ಗಾಳಿ ಮೇಲ್ಮುಖವಾಗಿ ಸೆಳೆಯುತ್ತದೆ, ಮೂಲೆ, ಅಂಚು, ನೆತ್ತಿಗಳಲ್ಲಿ ಆ ಸೆಳೆತ ಎಲ್ಲಕ್ಕಿಂತ ಜೋರು. ಅಂಚಿನ ಒಂದು ಪಟ್ಟಿ ಎದ್ದರೆ ಸಾಲಾಗಿ ಉಳಿದವೂ ಏಳುತ್ತವೆ. ಆದ್ದರಿಂದ ಶಿಂಗಲ್‌ನ ಬಣ್ಣ, ಬ್ರ್ಯಾಂಡುಗಳಿಗಿಂತ ಅದರಡಿಯ ಹಲಗೆ, ಮೊಳೆ, ಅಂಚಿನ ತಗಡಿಗೆ ಹಣ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಐಬಿಎಚ್‌ಎಸ್ ಎಂಬ ವಿಮಾ ಸಂಶೋಧನಾ ಸಂಸ್ಥೆಯ 'ಫೋರ್ಟಿಫೈಡ್' ಪದ್ಧತಿಯೂ ಇದನ್ನೇ ಒತ್ತಿ ಹೇಳುತ್ತದೆ.

ಹಳೆಯ ಶಿಂಗಲ್ ಕಿತ್ತು ಹಲಗೆ ಬರಿದಾದ ಆ ಕೆಲವು ಗಂಟೆಗಳು ಮತ್ತೆ ಸಿಗುವುದಿಲ್ಲ. ಮೆತ್ತಗಾದ, ಕಪ್ಪಾದ ಹಲಗೆಗಳನ್ನು ಆಗಲೇ ಬದಲಿಸಬೇಕು. ಒಂದು ಹಲಗೆಗೆ ಎಷ್ಟು ಎಂಬ ದರವನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳದಿದ್ದರೆ, ಚಾವಣಿ ತೆರೆದ ಮೇಲೆ ಗುತ್ತಿಗೆದಾರರು ಹೇಳಿದ್ದೇ ದರ. ಉಳಿದ ಹಲಗೆಗಳಿಗೆ ಸುರುಳಿ ಗೆರೆಯ ಮೊಳೆಯಲ್ಲ, ಉಂಗುರ ಗೆರೆಯ, ಇಲ್ಲಿ 8ಡಿ ಎನ್ನುವ ಅಳತೆಯ ಮೊಳೆಗಳನ್ನೇ ಪ್ರತಿ 6 ಅಂಗುಲಕ್ಕೊಂದರಂತೆ ಪಕಾಸಿಗೆ ಇಳಿಯುವ ಹಾಗೆ ಮತ್ತೆ ಹೊಡೆಸಬೇಕು. ಆ ಉಂಗುರಗಳು ಮರವನ್ನು ಕಚ್ಚಿ ಹಿಡಿಯುತ್ತವೆ, ನುಣುಪು ಮೊಳೆಯಷ್ಟು ಸುಲಭವಾಗಿ ಕಿತ್ತು ಬರುವುದಿಲ್ಲ. ಆಮೇಲೆ ಹಲಗೆಗಳ ಸಂದಿಗಳ ಮೇಲೆಲ್ಲ ಕನಿಷ್ಠ 4 ಅಂಗುಲ ಅಗಲದ ಅಂಟುಪಟ್ಟಿ. ಶಿಂಗಲ್ ಹಾರಿಹೋದರೂ ಮಳೆನೀರು ಸಂದಿಯಿಂದ ಮನೆಯೊಳಗೆ ಇಳಿಯದಂತೆ ಕಾಯುವುದು ಇದೇ. ಖರ್ಚಿನಲ್ಲಿ ಇದರ ಪಾಲು ಸಣ್ಣದು, ಆದರೂ ಕೇಳದೆ ಯಾರೂ ಹಾಕುವುದಿಲ್ಲ.

ಅಂಚಿನ ತಗಡಿಗೆ ಇಲ್ಲಿ ಡ್ರಿಪ್ ಎಡ್ಜ್ ಎನ್ನುತ್ತಾರೆ. ಸೂರಿನ ಉದ್ದಕ್ಕೆ ಅದು ಹಾಳೆಯ ಕೆಳಗೆ ಬರಬೇಕು, ಪಕ್ಕದ ಓರೆ ಅಂಚುಗಳಲ್ಲಿ ಹಾಳೆಯ ಮೇಲೆ. ಅದಲುಬದಲಾದರೆ ನೀರು ತಗಡಿನ ಹಿಂದಿನಿಂದ ಮರಕ್ಕೆ ಇಳಿಯುತ್ತದೆ. ಮೊಳೆಗಳ ನಡುವೆ 12 ಅಂಗುಲ ಬಿಡಲು ಸಾಮಾನ್ಯ ನಿಯಮ ಒಪ್ಪುತ್ತದೆ, ಗಾಳಿಯ ಊರಿಗೆ 4 ಅಂಗುಲವೇ ಸರಿ. ಸೂರಿನ ಮೊದಲ ಸಾಲಿಗೆ ಬೇರೆಯೇ ಸ್ಟಾರ್ಟರ್ ಪಟ್ಟಿ ಬೇಕು, ಅದರ ಅಂಟು ಹೊರ ಅಂಚಿನಲ್ಲಿರಬೇಕು. ಕೆಲವರು ಸಾಮಾನ್ಯ ಶಿಂಗಲನ್ನೇ ತಿರುಗಿಸಿ ಹಾಕಿ ಉಳಿಸಿಕೊಳ್ಳುತ್ತಾರೆ. ಆಗ ಅಂಟು ಒಳಗೆ ಸರಿದು, ಗಾಳಿ ನುಗ್ಗುವ ತುದಿಯೇ ಸಡಿಲವಾಗುತ್ತದೆ.

ಪ್ರತಿ ಶಿಂಗಲ್‌ಗೆ ಸಾಮಾನ್ಯವಾಗಿ 4 ಮೊಳೆ ಹೊಡೆಯುತ್ತಾರೆ, ನಮಗೆ 6 ಬೇಕು. ಎಣಿಕೆಯಷ್ಟೇ ಜಾಗವೂ ಮುಖ್ಯ. ಪಟ್ಟಿಯ ಮೇಲೆ ಗುರುತಿಸಿದ ಗೆರೆಯಲ್ಲೇ ಬಿದ್ದರೆ ಒಂದು ಮೊಳೆ ಎರಡು ಪದರಗಳನ್ನು ಹಿಡಿಯುತ್ತದೆ. ಮೇಲೆ ಬಿದ್ದರೆ ಒಂದೇ. ಮೊಳೆ ಹೊಡೆಯುವ ಗಾಳಿಯಂತ್ರದ ಒತ್ತಡ ಹೆಚ್ಚಾದರೆ ಮೊಳೆಯ ತಲೆ ಪಟ್ಟಿಯನ್ನೇ ಸೀಳಿ ಇಳಿಯುತ್ತದೆ, ಅಂಥ ಮೊಳೆ ಇದ್ದೂ ಇಲ್ಲದಂತೆ. ಕೆಲಸ ಶುರುವಾದ ಮೊದಲ ಸಾಲಿನಲ್ಲೇ ಇದನ್ನು ನೋಡಿ ನಿಲ್ಲಿಸಬೇಕು.

ಸಾಮಾನಿನ ಲೆಕ್ಕ ನಿಮಗೆ ಇಷ್ಟವಾಗುತ್ತದೆ. 100 ಚದರ ಅಡಿಗೆ ಒಂದು 'ಸ್ಕ್ವೇರ್', ಸಾಮಾನ್ಯವಾಗಿ ಅದಕ್ಕೆ 3 ಕಟ್ಟು ಶಿಂಗಲ್. ಸೂರೂ ಸೇರಿ ನೆಲದ ಅಳತೆ 1,500 ಚದರ ಅಡಿ ಎಂದಿಟ್ಟುಕೊಳ್ಳಿ. 12 ಅಂಗುಲಕ್ಕೆ 6 ಅಂಗುಲ ಏರುವ ಇಳಿಜಾರಾದರೆ 1.118ರಿಂದ ಗುಣಿಸಬೇಕು, 1,677 ಬರುತ್ತದೆ. ಕತ್ತರಿಸಿ ವ್ಯರ್ಥವಾಗುವುದಕ್ಕೆ ಶೇ. 10 ಸೇರಿಸಿದರೆ ಸುಮಾರು 1,845, ಅಂದರೆ 56 ಕಟ್ಟು. ಮಡಿಕೆಗಳು ಜಾಸ್ತಿ ಇರುವ ಚಾವಣಿಗೆ ಶೇ. 15 ಹಿಡಿಯಬೇಕು. ಸ್ಟಾರ್ಟರ್ ಪಟ್ಟಿಯನ್ನೂ ನೆತ್ತಿಯ ಸಾಲನ್ನೂ ಅಡಿಯ ಲೆಕ್ಕದಲ್ಲಿ ಬೇರೆ ಕೊಳ್ಳಬೇಕು.

ಆಲಿಕಲ್ಲಿಗೆ ಯುಎಲ್ 2218 ಎಂಬ ಪರೀಕ್ಷೆ ಇದೆ. 2 ಅಂಗುಲದ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬಿಟ್ಟರೂ ಬಿರುಕು ಬಿಡದ ಶಿಂಗಲ್‌ಗೆ 4ನೇ ದರ್ಜೆ. ಅದನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಕೆಲವು ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಚಾವಣಿ ತೂರಿ ಬರುವ ಪೈಪುಗಳ ಸುತ್ತಲಿನ ರಬ್ಬರ್ ಕೊರಳಪಟ್ಟಿ ಶಿಂಗಲ್‌ಗಿಂತ ಮೊದಲೇ ಬಿಸಿಲಿಗೆ ಸೀಳುತ್ತದೆ. ಅದನ್ನೂ ಗೋಡೆ ಸೇರುವ ಕಡೆಯ ತಗಡುಗಳನ್ನೂ ಹಳೆಯದೇ ಇರಲಿ ಎನ್ನಬಾರದು.

ವಿಮೆಯದು ಬೇರೆಯೇ ತಲೆನೋವು. ಗಾಳಿ, ಆಲಿಕಲ್ಲಿನ ಹಾನಿಗೆ ನಾವು ಭರಿಸಬೇಕಾದ ಪಾಲು ಇಲ್ಲಿ ಅನೇಕ ಸಲ ಮನೆಯ ವಿಮಾ ಮೊತ್ತದ ಶೇ. 1 ಅಥವಾ 2 ಇರುತ್ತದೆ. ಹಾನಿಯ ಶೇ. 2 ಅಲ್ಲ. 3 ಲಕ್ಷ ಡಾಲರಿನ ವಿಮೆಗೆ ಶೇ. 2 ಎಂದರೆ 6,000 ಡಾಲರ್ ನಮ್ಮ ಕೈಯಿಂದ. ಪಾಲಿಸಿಯಲ್ಲಿ ಹೊಸ ಚಾವಣಿಯ ಪೂರ್ತಿ ಬೆಲೆ ಇದೆಯೋ, ಸವೆತ ಕಳೆದ ಬೆಲೆ ಮಾತ್ರವೋ ಎಂಬುದನ್ನು ಬಿರುಗಾಳಿ ಬರುವ ಮೊದಲೇ ಓದಿಟ್ಟುಕೊಳ್ಳಬೇಕು.

ಬಿರುಗಾಳಿಯ ಮರುದಿನವೇ ಬೇರೆ ಊರಿನ ಚಾವಣಿ ಗುತ್ತಿಗೆದಾರರು ಟ್ರಕ್ಕುಗಳಲ್ಲಿ ಸಣ್ಣ ಊರಿಗೆ ಬಂದು ಬಾಗಿಲು ತಟ್ಟುತ್ತಾರೆ. ವಿಮೆಯಲ್ಲಿ ನೀವು ಭರಿಸಬೇಕಾದ ಪಾಲನ್ನು ನಾವೇ ಬಿಟ್ಟುಬಿಡುತ್ತೇವೆ ಎಂದರೆ ಬಾಗಿಲು ಹಾಕಬೇಕು, ಟೆಕ್ಸಾಸಿನಲ್ಲಿ 2019ರಿಂದ ಅದು ಅಪರಾಧ. ಚಾವಣಿಯವರಿಗೆ ಈ ರಾಜ್ಯ ಪರವಾನಗಿಯನ್ನೇ ಕೊಡುವುದಿಲ್ಲ, ಯಾರು ಬೇಕಾದರೂ ಫಲಕ ಹಾಕಬಹುದು. ಅದಕ್ಕೇ ಅವರ ಹೊಣೆಗಾರಿಕೆ ವಿಮೆಯ ಪ್ರಮಾಣಪತ್ರವನ್ನು ವಿಮಾ ಕಂಪನಿಯಿಂದಲೇ ತರಿಸಿಕೊಳ್ಳಬೇಕು. ಸಾಮಾನು ಕೊಟ್ಟ ಅಂಗಡಿಯವನಿಗೆ ಗುತ್ತಿಗೆದಾರರು ಬಾಕಿ ಉಳಿಸಿದರೆ ಅವನು ನಮ್ಮ ಮನೆಯ ಮೇಲೆ ಹಕ್ಕು ಹೂಡಬಹುದು. ಹಾಗಾಗಿ ಬಾಕಿ ತೀರಿದೆ ಎಂಬ ಸಹಿ ಪತ್ರ ಕೈಗೆ ಬರದೆ ಕೊನೆಯ ಕಂತು ಕೊಡಬಾರದು.

ಕೆಲಸವನ್ನು ಅಕ್ಟೋಬರ್ ಮೊದಲ ಭಾಗಕ್ಕೆ ಇಟ್ಟುಕೊಂಡಿದ್ದೇವೆ. ವಸಂತದ ಆಲಿಕಲ್ಲು ಕಳೆದಿರುತ್ತದೆ, ಅಂಟು ಹಿಡಿಯುವಷ್ಟು ಬಿಸಿಲೂ ಇರುತ್ತದೆ. ಚಳಿಗಾಲದಲ್ಲಿ ಹಾಕಿದರೆ ಅಂಟು ತಾನಾಗಿ ಹಿಡಿಯದೆ ಪ್ರತಿ ಪಟ್ಟಿಯಡಿ ಕೈಯಿಂದ ಡಾಂಬರು ಇಡಬೇಕಾದೀತು. ಅಂದಂದು ಎಷ್ಟು ಮುಚ್ಚಲಾಗುತ್ತದೋ ಅಷ್ಟನ್ನೇ ಕೀಳಬೇಕು, ಹಾಳೆ ಹೊದಿಸದೆ ರಾತ್ರಿ ಬಿಡಕೂಡದು ಎಂದೂ ಕರಾರಿಗೆ ಸೇರಿಸಿದ್ದೇನೆ.

ಸಹಿ ಹಾಕಲು ಇನ್ನೂ ಸಮಯವಿದೆ. ಮರಗೆಲಸ ಬಲ್ಲವರು ನೀವು, ಹಲಗೆಯ ವಿಷಯದಲ್ಲಿ ಇನ್ನೇನು ಕೇಳಬೇಕೆಂದು ತೋಚಿದರೆ ತಿಳಿಸಿ. ಅಮ್ಮನಿಗೆ ನಮಸ್ಕಾರ, ತಮ್ಮನಿಗೂ ಮಕ್ಕಳಿಗೂ ಪ್ರೀತಿ.

ಇಂತಿ ನಿಮ್ಮ ಮಗಳು