ನಡು ಹಗಲಿನಲ್ಲಿ ಹೊಗೆ ಬಿಟ್ಟರೆ ಸೊಳ್ಳೆ ಸಾಯುತ್ತದೆಯೇ?

ಮಾನ್ಯ ಸಂಪಾದಕರೇ,

ಕಾಸರಗೋಡಿನ ನಮ್ಮ ಪೇಟೆಯಲ್ಲಿ ಸೊಳ್ಳೆ ನಿವಾರಣೆಗೆ ಹೊಗೆ ಬಿಟ್ಟ ಸುದ್ದಿ ಮೊನ್ನೆಯ ನಿಮ್ಮ ಪತ್ರಿಕೆಯಲ್ಲಿ ಫೋಟೊ ಸಮೇತ ಬಂದಿದೆ. ಯಂತ್ರ ಹಿಡಿದವನೊಬ್ಬ, ಅವನ ಹಿಂದೆ ಸಾಲಾಗಿ ನಿಂತ ಏಳು ಮಂದಿ. ಆ ಹೊತ್ತಿಗೆ ನಾನು ಅಲ್ಲೇ ಬಸ್ ನಿಲ್ದಾಣದಲ್ಲಿದ್ದೆ. ಮಂಗಳೂರಿನ ಆಸ್ಪತ್ರೆಯಿಂದ ತಾಯಿಯನ್ನು ಮನೆಗೆ ಕರೆತರುತ್ತಾ ಆಟೋ ಕಾಯುತ್ತಿದ್ದೆ. ಗಂಟೆ ಹನ್ನೊಂದೂವರೆ, ಮಳೆ ಬಿಟ್ಟು ಬಿಸಿಲು ಕಾಯುತ್ತಿತ್ತು. ಡೆಂಗಿ ಜ್ವರದಲ್ಲಿ ಆರು ದಿನ ಮಲಗಿ ಎದ್ದ 77 ವರ್ಷದ ಹೆಂಗಸು ಆ ಡೀಸೆಲ್ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೆಮ್ಮುತ್ತಾ ಕಟ್ಟೆಯ ಮೇಲೆ ಕುಸಿದು ಕುಳಿತರು. ಹೊಗೆ ನೆಟ್ಟಗೆ ಮೇಲೆದ್ದು ಅಂಗಡಿಗಳ ಮಾಡು ದಾಟಿ ಹೋಯಿತು. ಹತ್ತು ನಿಮಿಷದಲ್ಲಿ ಎಲ್ಲರೂ ಕಾರು ಹತ್ತಿದರು. ಮರುದಿನ ಪತ್ರಿಕೆಯಲ್ಲಿ ಓದಿದರೆ ನಮ್ಮ ಪೇಟೆಯ ಸೊಳ್ಳೆ ನಿಯಂತ್ರಣಕ್ಕೆ ಬಂದಿದೆಯಂತೆ.

ಇದೇ ತಾಲೂಕಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಏಳನೆಯ ತರಗತಿಯ ಮಕ್ಕಳಿಗೆ ಗೊತ್ತಿರುವ ಸಂಗತಿ ಆ ಏಳು ಮಂದಿಗೆ ಹೇಗೆ ಗೊತ್ತಿಲ್ಲ? ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು. ಅದರ ಹಾವಳಿ ಹೆಚ್ಚು ಬೆಳಗಾದ ಮೇಲಿನ ಒಂದೆರಡು ಗಂಟೆ ಮತ್ತು ಸಂಜೆ ಕತ್ತಲಾಗುವ ಮುಂಚೆ. ಹೊಗೆ ಬಿಡಬೇಕಾದದ್ದೂ ಆಗಲೇ. ನೆಲ ಕಾದ ಮೇಲೆ ಬಿಟ್ಟ ಹೊಗೆ ಬಿಸಿಗಾಳಿಯೊಂದಿಗೆ ಮೇಲಕ್ಕೆ ಹೋಗುತ್ತದೆಯೇ ಹೊರತು ಸೊಳ್ಳೆ ಕುಳಿತ ಮೂಲೆಗೆ ಹೋಗುವುದಿಲ್ಲ. ಹೋದರೂ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ. ಅವು ವಾರ ಹತ್ತು ದಿನದಲ್ಲಿ ರೆಕ್ಕೆ ಬಲಿತು ಏಳುತ್ತವೆ.

ನೀರು ಎಲ್ಲಿದೆ ಎಂದು ಕೇಳುತ್ತೀರಾ? ನಮ್ಮ ಓಣಿಯ ತುದಿಯಲ್ಲಿರುವ ಸರಕಾರಿ ಕಚೇರಿಯ ಹಿತ್ತಿಲಿಗೆ ಹೋಗಿ ನೋಡಿ. ಮುಟ್ಟುಗೋಲು ಹಾಕಿಕೊಂಡ ಮರಳಿನ ಲಾರಿಗಳು ವರ್ಷಗಳಿಂದ ಅಲ್ಲಿ ತುಕ್ಕು ಹಿಡಿಯುತ್ತಿವೆ. ಒಂದರ ಹಿಂಬದಿಯ ತೊಟ್ಟಿಯಲ್ಲಿ ಮೊಣಕಾಲುದ್ದ ಮಳೆನೀರು. ನಾನೇ ಗೋಡೆ ಹತ್ತಿ ಇಣುಕಿದೆ. ಬಾಲ ಮೇಲೆ, ತಲೆ ಕೆಳಗೆ ಮಾಡಿಕೊಂಡು ನೂರಾರು ಮರಿಗಳು ನೀರಿನಲ್ಲಿ ನೇತಾಡುತ್ತಿದ್ದವು. ನನ್ನ ನೆರಳು ಬಿದ್ದೊಡನೆ ಕೊಂಕಿ ಕೊಂಕಿ ತಳಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಮತ್ತೆ ಮೇಲೆ ಬಂದವು. ಶುಕ್ರವಾರ ಶಾಲೆ, ಶನಿವಾರ ಕಚೇರಿ, ಭಾನುವಾರ ಮನೆ ಎಂದು ವಾರಕ್ಕೊಮ್ಮೆ ನಿಂತ ನೀರು ಚೆಲ್ಲುವ ‘ಡ್ರೈ ಡೇ’ ಕ್ರಮ ಕೇರಳದಲ್ಲಿದೆ. ಆ ಕಚೇರಿಯಲ್ಲಿ ಶನಿವಾರ ಬಂದದ್ದೇ ಇಲ್ಲವೇ? ಆದರೆ ನನ್ನ ತೋಟದಲ್ಲಿ ಬಿದ್ದ ನಾಲ್ಕು ಅಡಿಕೆ ಹಾಳೆಯಲ್ಲಿ ನೀರು ನಿಂತದ್ದಕ್ಕೆ ದಂಡ ಹಾಕುತ್ತೇವೆಂದು ಸರಕಾರದವರು ಗದರಿಸಿ ಹೋದರು. ಹಾಳೆಯಲ್ಲಿ ನೀರು ನಿಲ್ಲಬಾರದು, ಸರಿ. ಹಾಳೆ, ಗೆರಟೆ, ರಬ್ಬರ್ ಮರದ ಚಿಪ್ಪು, ಅಳಿಲು ಕೊರೆದು ಬೀಳಿಸಿದ ಕೊಕ್ಕೋ ಕಾಯಿ ಎಲ್ಲವೂ ಸೊಳ್ಳೆಗೆ ತೊಟ್ಟಿಲೇ. ನಾನು ಅಂದೇ ಎಲ್ಲವನ್ನೂ ಮಗುಚಿ ಹಾಕಿದೆ. ಲಾರಿಯನ್ನು ಮಗುಚುವವರು ಯಾರು?

ಇನ್ನು ಡೆಂಗಿ ಎಚ್ಚರಿಕೆಯ ನೋಟೀಸಿನ ವಿಷಯ. ಅದನ್ನು ಗೇಟಿನ ಕಂಬಕ್ಕೆ ಅಂಟಿಸಿ ಹೋದ ಆಶಾ ಕಾರ್ಯಕರ್ತೆಯನ್ನು ನಾನು ದೂರುವುದಿಲ್ಲ, ಆಕೆ ಮಳೆಯಲ್ಲಿ ನೆನೆದುಕೊಂಡು ಮನೆ ಮನೆ ತಿರುಗುತ್ತಾಳೆ. ಆದರೆ ನೋಟೀಸು ಪೂರ್ತಿ ಮಲಯಾಳದಲ್ಲಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವಾಗ ನನ್ನ ತಾಯಿ ಕನ್ನಡ ಶಾಲೆಯ ಮೂರನೆಯ ತರಗತಿಯಲ್ಲಿದ್ದರು. ಅವರಿಗೆ ಮಲಯಾಳ ಓದಲು ಬರುವುದಿಲ್ಲ. ಹೆಂಡತಿ ಪುತ್ತೂರಿನವಳು, ಅವಳಿಗೂ ಬರುವುದಿಲ್ಲ. ಕೂಡಿಸಿ ಓದಬಲ್ಲ ನಾನು ಎರಡು ದಿನ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಐದನೆಯ ದಿನ ತಾಯಿಗೆ ಜ್ವರ ಬಿಟ್ಟಿತು. ಗುಣವಾಯಿತೆಂದು ಎದ್ದು ಹಟ್ಟಿಗೆ ಹೋಗಿ ದನಕ್ಕೆ ಹುಲ್ಲು ಹಾಕಿದರು. ಸಂಜೆಗೆ ಹೊಟ್ಟೆನೋವು, ಬಿಡದ ವಾಂತಿ. ರಾತ್ರಿ ಒಸಡಿನಲ್ಲಿ ರಕ್ತ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯದ ಕಾಲ, ಇಂಥ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂದು ಅದೇ ನೋಟೀಸಿನ ನಾಲ್ಕನೆಯ ಸಾಲಿನಲ್ಲಿ ಬರೆದಿತ್ತು. ನನ್ನ ಮನೆಯ ಗೇಟಿನಲ್ಲೇ ಇದ್ದ ಆ ಸಾಲನ್ನು ನಾನು ಓದಿದ್ದು ಆಂಬುಲೆನ್ಸ್ ಹೋದ ಮೇಲೆ.

ಮಂಗಳೂರಿನಲ್ಲಿ ಮೊದಲು ಹೋದ ಆಸ್ಪತ್ರೆಯಲ್ಲಿ ಹಾಸಿಗೆ ಇರಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು. ಆರು ದಿನ ಬೆಂಚಿನ ಮೇಲೆ ಮಲಗಿದೆ. ಆ ಆರು ದಿನದಲ್ಲೇ ಊರಿನಲ್ಲಿ ಎರಡು ದಿನ ಮಳೆ ಬಿಟ್ಟಿತ್ತು. ಅಡಿಕೆಗೆ ಮದ್ದು ಬಿಡುವ ಆಳು ನಾನಿಲ್ಲವೆಂದು ಬೇರೆ ತೋಟಕ್ಕೆ ಹೋದ. ಈಗ ನನ್ನ ತೋಟದಲ್ಲಿ ಕೊಳೆರೋಗ ಶುರುವಾಗಿದೆ. ಹಾಲು ಕರೆಯಲು ನೆರೆಮನೆಯವರ ಕೈಕಾಲು ಹಿಡಿಯಬೇಕಾಯಿತು. ಒಂದು ಜ್ವರಕ್ಕೂ ನಾವು ಕರ್ನಾಟಕದ ಗಡಿಯ ತಲಪಾಡಿ ದಾಟಿಯೇ ಹೋಗಬೇಕೇ? 2020ರಲ್ಲಿ ಆ ಗಡಿಯನ್ನು ಮುಚ್ಚಿದಾಗ ದಾಟಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಬಿಟ್ಟರು. ಅದಾದ ಮೇಲಾದರೂ ಯಾರಿಗಾದರೂ ಬುದ್ಧಿ ಬಂತೇ?

ಸೊಳ್ಳೆಯನ್ನು ಹಗುರವಾಗಿ ಕಾಣುವವರು ಸ್ವಲ್ಪ ಚರಿತ್ರೆ ಓದಲಿ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿದ್ದು ನಮ್ಮದೇ ದೇಶದ ಸಿಕಂದರಾಬಾದಿನಲ್ಲಿ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ಪರೋಪಜೀವಿಯನ್ನು ಕಂಡರು. ಪನಾಮಾದಲ್ಲಿ ಕಾಲುವೆ ತೋಡಲು ಹೋದ ಫ್ರೆಂಚರು ಹಳದಿ ಜ್ವರ, ಮಲೇರಿಯಾಗಳಿಗೆ ಸುಮಾರು 20 ಸಾವಿರ ಜನರನ್ನು ಬಲಿಕೊಟ್ಟು 1889ರಲ್ಲಿ ಕೆಲಸ ಕೈಬಿಟ್ಟರು. ಆಮೇಲೆ ಬಂದ ಅಮೆರಿಕದವರು ನಿಂತ ನೀರು ಬಸಿದು, ಎಣ್ಣೆ ಬಿಟ್ಟು, ಸೊಳ್ಳೆಯನ್ನು ಹದ್ದುಬಸ್ತಿಗೆ ತಂದರು, 1914ರಲ್ಲಿ ಕಾಲುವೆಯೂ ತೆರೆಯಿತು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವೆಂದು ಕೈಚೆಲ್ಲಿ ಕುಳಿತೆವು. 1976ರಲ್ಲಿ ಮತ್ತೆ 64 ಲಕ್ಷ. ನಮ್ಮಲ್ಲೂ ಪ್ರತಿ ವರ್ಷ ಆಗುವುದು ಇದೇ. ಜೂನ್‌ನಲ್ಲಿ ಸಭೆ, ಜುಲೈಯಲ್ಲಿ ಹೊಗೆ, ಅಕ್ಟೋಬರ್‌ಗೆ ಎಲ್ಲರಿಗೂ ಮರೆವು. ಒಣಗಿದ ತೊಟ್ಟಿಯ ಗೋಡೆಗೆ ಅಂಟಿದ ಈಡಿಸ್ ಮೊಟ್ಟೆ ಮಾತ್ರ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡು ಮುಂದಿನ ಮಳೆಗೆ ಕಾದಿರುತ್ತದೆ. ಅದಕ್ಕೇ ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು ಎನ್ನುವುದು.

ಮದ್ದು ಹೊಡೆಯುವ ಹುರುಪು ನಮ್ಮ ಜಿಲ್ಲೆಗೆ ಹೊಸದಲ್ಲ. ಗೇರುಮರದ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲುತ್ತೇವೆಂದು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆಗಲೂ ಜನರಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಆ ಮದ್ದು ಬಿದ್ದ ಪಡ್ರೆ ಎಂಬ ಹಳ್ಳಿಯ ಮಕ್ಕಳ ಸ್ಥಿತಿಯನ್ನು ಆಮೇಲೆ ದೇಶವೇ ಕಂಡಿತು. ತಮಿಳು, ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ವ್ಯವಹರಿಸಬಹುದೆಂದು ಕೇರಳದ ಕಾನೂನೇ ಹೇಳುತ್ತದೆ. ನಾನು ಕನ್ನಡದಲ್ಲಿ ಕೊಟ್ಟ ಮೂರು ಅರ್ಜಿಗಳಿಗೆ ಇವತ್ತಿನವರೆಗೂ ಉತ್ತರವಿಲ್ಲ. ಒಂದು ಬೀದಿದೀಪದ್ದು, ಇನ್ನೆರಡು ಇದೇ ಲಾರಿಗಳದ್ದು.

ಇನ್ನಾದರೂ ಈ ಪ್ರದರ್ಶನದ ಹೊಗೆ ನಿಲ್ಲಲಿ. ಬಿಡಲೇಬೇಕೆಂದಿದ್ದರೆ ನಮ್ಮ ಓಣಿಗೂ ಬಿಡಲಿ, ಬೆಳಗ್ಗೆ ಆರೂವರೆಗೆ ಬರಲಿ, ಕ್ಯಾಮರಾ ಬೇಡ. ನೋಟೀಸು ಕನ್ನಡದಲ್ಲಿ ಬರಲಿ. ನನ್ನ ಹಾಳೆಗೆ ದಂಡ ಹಾಕುವವರು ಮೊದಲು ತಮ್ಮ ಹಿತ್ತಿಲಿನ ನೀರು ಚೆಲ್ಲಲಿ. ಈ ಪತ್ರ ಬರೆಯುವಾಗಲೂ ಆ ಲಾರಿಯಲ್ಲಿ ನೀರು ಹಾಗೆಯೇ ಇದೆ.

ನಿವೃತ್ತ ಅಧ್ಯಾಪಕ, ಕಾಸರಗೋಡು